ತಾರೀಖು ದಾಟಲಿ

ಸತ್ತ ತಮ್ಮನ ಮೈಗೆ ನೀರು ಸುರಿಯುತ್ತಿದ್ದ ಹುಲುಗಣ್ಣ ಚೊಂಬನ್ನು ಅರ್ಧಕ್ಕೇ ನಿಲ್ಲಿಸಿದ. ಒದ್ದೆ ಪಂಚೆಯ ಕೆಳಗೆ, ಉಡಿದಾರಕ್ಕೆ ಕಟ್ಟಿದ್ದ ಏನೋ ಅವನ ಕೈಗೆ ತಾಗಿತು. ಸಣ್ಣ ಕೀಲಿ.

"ಇದೇನಲೇ ಇದು, ಕೀಲಿಕೈ?"

ಅಂಗಳಕ್ಕೆ ಅಡ್ಡ ಕಟ್ಟಿದ್ದ ತಾಡಪಾಲಿನ ಆಚೆಯಿಂದ ಒಂದು ಹುಡುಗಿಯ ದನಿ ಬಂತು. "ಟ್ರಂಕಿನ ಕೀಲಿಕೈ ಇರಬೇಕ್ರಿ. ಅದರಾಗ ನನ್ನ ಟಿ.ಸಿ. ಐತಿ."

ಹುಲುಗಣ್ಣ ಕೀಲಿಯನ್ನು ಇದ್ದಲ್ಲೇ ಬಿಟ್ಟ. ಚೊಂಬನ್ನು ಬಗ್ಗಿಸಿ ಉಳಿದ ನೀರು ಸುರಿದ.

ತಮ್ಮ ಗುರುಬಸವರಾಜ ಹಿಂದಿನ ದಿನ ಸಂಜೆ ಎದೆ ಹಿಡಿಯುತ್ತದೆ ಎಂದು ಕಟ್ಟೆಯ ಮೇಲೆ ಕೂತವನು ಅಲ್ಲಿಂದ ಏಳಲಿಲ್ಲ. ವಯಸ್ಸು ನಲವತ್ತೈದು. ಹಂಪಸಾಗರದಿಂದ ಎರಡು ಮೈಲಿ ಒಳಗಿನ ಆ ಊರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ. ಮೂರು ವರ್ಷದಿಂದ ಮುಖ್ಯಶಿಕ್ಷಕನ ಕೆಲಸವೂ ಅವನದೇ. ಶಾಲೆಯ ಕಚೇರಿ ಸೋರುತ್ತದೆಂದು ಹತ್ತನೆಯ ತರಗತಿಯ ಕಾಗದಪತ್ರಗಳನ್ನೆಲ್ಲ ಮನೆಯ ಟ್ರಂಕಿನಲ್ಲಿ ಇಟ್ಟಿದ್ದ.

ಹುಡುಗಿಯ ಹೆಸರು ಕೀರ್ತನಾ. ಕುರಿ ಕಾಯುವ ಕರಿಸಿದ್ದಪ್ಪನ ಮಗಳು. ಆರುನೂರ ಇಪ್ಪತ್ತೈದಕ್ಕೆ ಐನೂರ ತೊಂಬತ್ತೆಂಟು ಅಂಕ. ಹಡಗಲಿಯ ವಸತಿ ಕಾಲೇಜೊಂದರಲ್ಲಿ ವಿಜ್ಞಾನಕ್ಕೆ ಸೀಟು ಬಂದಿತ್ತು. ಊಟ, ಹಾಸಿಗೆ, ಪುಸ್ತಕ ಎಲ್ಲ ಅವರದೇ. ಮೂಲ ಟಿ.ಸಿ.ಯನ್ನು ಇವತ್ತು ಸಂಜೆ ಐದರೊಳಗೆ ತಲುಪಿಸಬೇಕು. ಇಲ್ಲವಾದರೆ ಸೀಟು ಪಟ್ಟಿಯಲ್ಲಿನ ಮುಂದಿನವರಿಗೆ. ಎಂಟು ದಿನದಿಂದ ಅವಳು ದಿನವೂ ಬಂದು ಕೇಳಿದ್ದಳು. ಸಹಿ ಆಗಿಲ್ಲ, ನಾಳೆ ಬಾ ಎಂದು ಮೇಷ್ಟ್ರು ಹೇಳಿದ್ದರು. ಇವತ್ತು ಬೆಳಿಗ್ಗೆ ಅಪ್ಪನ ಜೊತೆ ಬಂದಾಗ ಬಾಗಿಲ ಮುಂದೆ ಬೆಂಕಿ ಹಾಕಿದ್ದರು.

"ಆ ಕೀಲಿಕೈ ಬಿಚ್ಚಿ ಕೊಡ್ರಿ ಯಜಮಾನ್ರೇ," ಎಂದ ಪ್ರಬುದ್ಧ. ಅವನು ಅಂಗಳದ ಹೊರಗೆ, ಬೇವಿನ ಕೆಳಗೆ ನಿಂತಿದ್ದ. ಹೆಣ ಹೂಳುವ ಕುಣಿ ತೋಡಲು ಜೆ.ಸಿ.ಬಿ. ತಂದವನು. ಅವನೂ ಮೇಷ್ಟ್ರ ಹಳೆಯ ವಿದ್ಯಾರ್ಥಿಯೇ.

"ಉಡದಾರ ಹರಿಯೋದು ಕುಣ್ಯಾಗ. ಅಲ್ಲೀತನಕ ಅವನ ಮೈಮ್ಯಾಲಿಂದು ಅವಂದು."

"ಹಂಗಾದ್ರ ಬೀಗ ಒಡೀತೀನಿ. ನನ್ನ ಬಕೆಟ್ಟಿಂದು ಒಂದು ಹಲ್ಲು ಸಾಕು."

"ಮನ್ಯಾಗ ಹೆಣ ಇಟಗೊಂಡು ಕಬ್ಬಿಣದ ಮ್ಯಾಲೆ ಕಬ್ಬಿಣ ಬಡಿತಿಯೇನಲೇ? ನಮ್ಮ ಮನ್ಯಾಗ ಹಂಗ ಮಾಡಂಗಿಲ್ಲ. ದಾವಣಗೆರಿಯಿಂದ ತಂಗಿ ಬರಬೇಕು. ಮೂರಕ್ಕ ಎತ್ತತೀವಿ."

ಪ್ರಬುದ್ಧ ಹುಡುಗಿಯ ಕಡೆ ತಿರುಗಿದ. "ಅಂಜಬ್ಯಾಡ ತಂಗಿ. ಹಡಗಲಿ ನನ್ನ ಬೈಕಿನ ಮ್ಯಾಲೆ ನಲವತ್ತು ನಿಮಿಷ. ನಾಕಕ್ಕ ಕೈಗೆ ಸಿಕ್ರೂ ಮುಟ್ಟಿಸ್ತೀನಿ."

ಕರಿಸಿದ್ದಪ್ಪ ಕಟ್ಟೆಯ ಮೂಲೆಯಲ್ಲಿ ಕೂತಿದ್ದ. ಮೇ ತಿಂಗಳ ಬಿಸಿಲಿನಲ್ಲೂ ಅಂಗಿಯ ಮೇಲೆ ಕಂಬಳಿ ಹೊದ್ದಿದ್ದ. "ತಡಿಯವ್ವ. ಅವರ ಮನಿ ದುಃಖ ಅವರಿಗೆ," ಎಂದ ಮಗಳಿಗೆ. "ನಮ್ದೇನು ದೊಡ್ಡದು?"

*

ಕೆಲಸಕ್ಕೆ ಸೇರಿದ ಹೊಸದರಲ್ಲಿ ಗುರುಬಸವರಾಜ ಹೀಗಿರಲಿಲ್ಲ. ಓದುವ ಹುಡುಗರ ಮನೆಗೆ ತಾನೇ ಹೋಗಿ, ಬಳ್ಳಾರಿಗೆ ಕಳಿಸಿರಿ, ಸೈನ್ಸ್ ಓದಿಸಿರಿ ಎಂದು ಅಪ್ಪಂದಿರ ಕೈ ಹಿಡಿಯುತ್ತಿದ್ದ. ಹಾಗೆ ಕಳಿಸಿದ ಒಬ್ಬ ಹುಡುಗ ಎರಡು ವಿಷಯದಲ್ಲಿ ಫೇಲಾಗಿ, ಊರಿಗೆ ಬರಲು ನಾಚಿ ಎಲ್ಲಿಗೋ ಹೋದ. ಅವನ ಅಪ್ಪ ಕೊಟ್ಟೂರಿನ ಬಸ್ ನಿಲ್ದಾಣದಲ್ಲಿ ಮೇಷ್ಟ್ರಿಗೆ ಚಪ್ಪಲಿಯಿಂದ ಮೂರು ಸಲ ಹೊಡೆದ. ಪ್ರವಾಸಕ್ಕೆಂದು ಕರೆದುಕೊಂಡು ಹೋಗಿದ್ದ ಹತ್ತನೆಯ ತರಗತಿಯವರು ಸಾಲಾಗಿ ನಿಂತು ನೋಡಿದರು. ಗುರುಬಸವರಾಜ ಕೆಳಗೆ ಬಿದ್ದ ಕನ್ನಡಕ ಎತ್ತಿಕೊಂಡು, ಮಕ್ಕಳನ್ನು ಎಣಿಸಿ ಬಸ್ಸು ಹತ್ತಿಸಿದ.

ಮರುದಿನ ಅವನು ಒಂದು ಉದ್ದನೆಯ ಪುಸ್ತಕ, ಒಂದು ಕೆಂಪು ಪೆನ್ನು ಕೊಂಡ. ಒಬ್ಬೊಬ್ಬ ವಿದ್ಯಾರ್ಥಿಗೆ ಒಂದು ಪುಟ. ಹೆಸರು, ಅಪ್ಪನ ಕೆಲಸ, ಅಂಕ. ಕೊನೆಯಲ್ಲಿ 'ಹಾದಿ' ಎಂದು ಬರೆದು, ಅದರ ಮುಂದೆ ಕೆಂಪು ಶಾಯಿಯಲ್ಲಿ ತನ್ನ ತೀರ್ಮಾನ. ಅವನು ಮೊದಲು ನೋಡುತ್ತಿದ್ದದ್ದು ಅಂಕವನ್ನಲ್ಲ, ಅಪ್ಪನ ಕೆಲಸವನ್ನು.

ಆಮೇಲೆ ಹದಿನೆಂಟು ವರ್ಷ ಅವನ ಮೇಲೆ ಯಾರೂ ಚಪ್ಪಲಿ ಎತ್ತಲಿಲ್ಲ.

*

"ಗಣಿತದಾಗ ನಂದು ತೊಂಬತ್ತೆಂಟು," ಎಂದ ಪ್ರಬುದ್ಧ, ಬೇವಿನ ನೆರಳಲ್ಲಿ ಕೂತ ಗಂಡಸರಿಗೆ. "ನಮ್ಮಪ್ಪ ಗಟಾರ ಬಳೀತಿದ್ದ. ಮೇಷ್ಟ್ರು ಐಟಿಐ ಅಂತ ಬರದ್ರು. ಬರದಿದ್ದಕ್ಕ ಇವತ್ತು ಕುಣಿ ಎಷ್ಟು ಚೊಲೋ ಬಂದೈತಿ ನೋಡ್ರಿ. ನಾಕೂ ಮೂಲಿ ಕರೆಕ್ಟು ತೊಂಬತ್ತು ಡಿಗ್ರಿ."

ಒಬ್ಬಿಬ್ಬರು ನಕ್ಕರು. "ಹಂಗನ್ನಬ್ಯಾಡಲೇ," ಎಂದ ಒಬ್ಬ ಮುದುಕ. "ಅವರ ಕೈಯಾಗ ಕಲತವರು ಒಬ್ಬರೂ ಕೆಟ್ಟು ಊರಿಗೆ ಬಂದಿಲ್ಲ."

"ಹೋದ್ರಲ್ಲೇನು, ಕೆಟ್ಟು ಬರಾಕ?"

ಚಟ್ಟ ಕಟ್ಟುತ್ತಿದ್ದವರು ಕರಿಸಿದ್ದಪ್ಪನನ್ನು ಕೂಗಿದರು. "ಬಾರೋ, ನೀನೂ ಒಂದು ಹೆಗಲು ಕೊಡು. ಅಂಗಿ ತಗದು ಬಾ."

"ನನಗ ನಡಾ ನೋವು," ಎಂದ ಕರಿಸಿದ್ದಪ್ಪ. ಕಂಬಳಿಯನ್ನು ಎದೆಯ ಮೇಲೆ ಎಳೆದುಕೊಂಡ.

ಒಳಕೋಣೆಯಲ್ಲಿ ಸುಮಂಗಲಾಳನ್ನು ಅದೇ ಟ್ರಂಕಿನ ಮೇಲೆ ಕೂರಿಸಿದ್ದರು. ಮೇಷ್ಟ್ರ ಹೆಂಡತಿ. ಮೂವತ್ತಮೂರು ವರ್ಷ, ಮಕ್ಕಳಿಲ್ಲ. ಹೆಂಗಸರು ಕೊನೆಯ ಸಲ ಅವಳ ಕೈ ತುಂಬ ಹಸಿರು ಬಳೆ ಇಡುತ್ತಿದ್ದರು. ಅವಳು ಕೈ ಚಾಚು ಎಂದಾಗ ಚಾಚಿದಳು. ಬೆಳಗಿನಿಂದ ಅತ್ತಿರಲಿಲ್ಲ. ಪಕ್ಕದ ಮನೆಯ ಅಂಜಿನಕ್ಕನಿಗೆ ಅದೇ ಚಿಂತೆ.

"ಒಂದೀಟು ಅಳವ್ವ. ನೋಡಿದವರು ಏನಂದಾರು? ನಿನಗೇನು ಕಮ್ಮಿ, ಎಂ.ಎ. ಓದೀದಿ. ಅನುಕಂಪದ ಮ್ಯಾಲೆ ಕ್ಲರ್ಕು ಅಂತೂ ಗ್ಯಾರಂಟಿ."

"ಹೆಣ ಇನ್ನಾ ಎದ್ದಿಲ್ಲ, ಸುಮ್ಕಿರು," ಎಂದಳು ಇನ್ನೊಬ್ಬಳು.

"ಎದ್ದ ಮ್ಯಾಲೆ ಹೇಳಿದ್ರ ತಡಾ ಆಕ್ಕೈತಿ. ಅಷ್ಟರಾಗ ಭಾವ ಬಂದು ನನ್ನ ಮಗನಿಗೆ ಬಿಟ್ಟುಕೊಡು ಅಂತ ಸಹಿ ಹಾಕಿಸಿಕೊಂಡಿರ್ತಾನ." ಅಂಜಿನಕ್ಕ ಕೈ ಒರೆಸಿಕೊಂಡಳು. "ಅರಿಷಿಣ ಎಲ್ಲೈತಿ?"

"ಜ್ವಾಳದ ಹಿಟ್ಟಿನ ಡಬ್ಬಿ ಹಿಂದ," ಎಂದಳು ಸುಮಂಗಲಾ. ಹೇಳಿದ ಮೇಲೆ ನೆನಪಾಯಿತು. ಆ ಡಬ್ಬಿಯ ತಳದಲ್ಲಿ, ಹಿಟ್ಟಿನ ಕೆಳಗೆ, ಟ್ರಂಕಿನ ಎರಡನೆಯ ಕೀಲಿ ಇತ್ತು. ಗಂಡ ಒಮ್ಮೆ ಮುಚ್ಚಿಡುವಾಗ ನೋಡಿದ್ದಳು. ಯಾಕೆಂದು ಕೇಳಿರಲಿಲ್ಲ.

ಒಂದೂವರೆಗೆ ದಾವಣಗೆರೆಯ ಗಾಡಿ ಬಂತು. ನಾದಿನಿ ಬಾಗಿಲಲ್ಲೇ ಕುಸಿದಳು. ಹೆಂಗಸರೆಲ್ಲ ಹೊರಗೆ ಓಡಿದರು. ಸುಮಂಗಲಾ ಎದ್ದು ಅಡುಗೆಮನೆಗೆ ಹೋಗಿ ಮೊಣಕೈವರೆಗೆ ಹಿಟ್ಟಿನಲ್ಲಿ ಕೈ ಹಾಕಿದಳು. ಹೊಸ ಬಳೆಗಳು ಬೆಳ್ಳಗಾದವು.

ಟ್ರಂಕಿನಲ್ಲಿ ಟಿ.ಸಿ.ಗಳು ಒಂದು ದಾರದಲ್ಲಿ ಕಟ್ಟಿಟ್ಟಿದ್ದವು. ಎರಡು ಸಲ ತಿರುವಿದಳು. ಕೀರ್ತನಾಳದು ಇರಲಿಲ್ಲ. ಪುಸ್ತಕ ತೆಗೆದಳು.

'ಕೀರ್ತನಾ. ತಂದೆ ಕರಿಸಿದ್ದಪ್ಪ, ಕುರಿ. 598. ಹಾದಿ: ಊರಲ್ಲೇ, ಹೊಲಿಗೆ. ಟಿ.ಸಿ.ಯನ್ನು ಮೇ 19ರಂದು ತಂದೆಯ ಕೈಗೆ ಕೊಟ್ಟಿದೆ. ಮಗಳಿಗೆ ಸದ್ಯ ಹೇಳುವುದು ಬೇಡ. ತಾರೀಖು ದಾಟಲಿ.'

ಕೆಳಗೆ ನೇರಳೆ ಬಣ್ಣದ ಹೆಬ್ಬೆಟ್ಟು.

ಹಿಂದಿನ ಪುಟ ತಿರುವಿದಳು. ಅದರ ಹಿಂದಿನದನ್ನೂ. ಬೇಡ ಎಂದು ಅವನು ಯಾರಿಗೂ ಹೇಳಿರಲಿಲ್ಲ. ಪತ್ರ, ಕಾಗದ ಅಪ್ಪಂದಿರ ಕೈಗೆ ಹೋಗಿದ್ದವು. ಮಕ್ಕಳಿಗೆ ನಾಳೆ ಬಾ ಎಂಬ ಮಾತು. ಪುಟಪುಟದಲ್ಲೂ ಅದೇ ಎರಡು ಪದ, ತಾರೀಖು ದಾಟಲಿ. ಟ್ರಂಕಿನ ತಳದಲ್ಲಿ ಹಳೆಯ ಪುಸ್ತಕಗಳಿದ್ದವು. ತನ್ನ ವರ್ಷದ್ದನ್ನು ಎಳೆದಳು.

*

ಸುಮಂಗಲಾ ಅವನ ಬಳಿಯೇ ಹತ್ತನೆಯ ತರಗತಿ ಓದಿದವಳು. ಅವಳಿಗೆ ಆಗ ಹದಿನಾರು, ಅವನಿಗೆ ಇಪ್ಪತ್ತೆಂಟು. ಬಳ್ಳಾರಿಯ ಹೆಣ್ಣುಮಕ್ಕಳ ಕಾಲೇಜಿಗೆ, ವಿಜ್ಞಾನಕ್ಕೆ, ಹಾಸ್ಟೆಲ್ ಸಮೇತ ಅರ್ಜಿ ಹಾಕಿದ್ದಳು. ಸೀಟಿನ ಪತ್ರ ಶಾಲೆಯ ವಿಳಾಸಕ್ಕೆ ಬರಬೇಕಿತ್ತು. ಹನ್ನೊಂದು ದಿನ ಬಿಸಿಲಿನಲ್ಲಿ ನಡೆದು ಹೋಗಿ ಸ್ಟಾಫ್ ರೂಮಿನ ಹೊಸ್ತಿಲಲ್ಲಿ ನಿಂತಳು.

"ಬಂತೇನ್ರಿ ಸರ್?"

"ಇಲ್ಲವ್ವ. ನಾಳೆ ಬಾ."

ಹನ್ನೊಂದನೆಯ ದಿನ ಅವನು ಕುಡಿಯಲು ನೀರು ಕೊಟ್ಟ. "ಎಲ್ಲರಿಗೂ ಬರಂಗಿಲ್ಲ. ಬೊಮ್ಮನಹಳ್ಳ್ಯಾಗ ಆರ್ಟ್ಸ್ ತಗ. ಅದೂ ಓದೇ."

ಅವಳು ತೆಗೆದುಕೊಂಡಳು. ಐದು ವರ್ಷದ ಮೇಲೆ ಅವನು ಅವಳನ್ನು ನೋಡಲು ಮನೆಗೆ ಬಂದ. ಅವಲಕ್ಕಿ ತಿಂದು, ಚಹಾ ಕುಡಿದು, ಎಲ್ಲರ ಮುಂದೆ ನಕ್ಕ. "ಬಳ್ಳಾರಿಗೆ ಹೋಗಿದ್ರ ಇಕಿ ನನಗೆಲ್ಲಿ ಸಿಗತಿದ್ಲು?" ಅವಳ ಅಪ್ಪನೂ ನಕ್ಕ. ಮದುವೆಯಾದ ಮೇಲೆ ಅವಳು ಎಂ.ಎ. ಮಾಡಲು ಅವನೇ ಫೀಸು ಕಟ್ಟಿದ. ಆ ಪತ್ರ ಬರಲೇ ಇಲ್ಲವಲ್ಲ, ಪಾಪ, ಎಂದು ವರ್ಷಕ್ಕೊಮ್ಮೆಯಾದರೂ ಅನ್ನುತ್ತಿದ್ದ.

'ಸುಮಂಗಲಾ. ತಂದೆ ತಿಪ್ಪೇಶ, ಹಾಸ್ಟೆಲ್ ಅಡುಗೆ. 571. ಹಾದಿ: ಕಲಾ ವಿಭಾಗ. ಬಳ್ಳಾರಿಯ ಪತ್ರ ಜೂನ್ 2ರಂದು ಬಂದಿದೆ, ತಂದೆಯ ಕೈಗೆ ಕೊಟ್ಟಿದೆ. ತಾರೀಖು ದಾಟಲಿ.'

ಅಪ್ಪನ ಸಹಿ ಅವಳಿಗೆ ಗುರುತಿತ್ತು. ಕೊನೆಯ ಅಕ್ಷರದ ಕೆಳಗೆ ಎರಡು ಗೆರೆ ಎಳೆಯುವುದು ಅವನ ರೂಢಿ.

*

ಹೊರಬಂದಾಗ ಬಾಗಿಲ ತುಂಬ ಜನ. ಕೀರ್ತನಾ ಎಲ್ಲೂ ಕಾಣಲಿಲ್ಲ. ಹೆಂಗಸರು ಸುಮಂಗಲಾಳ ರಟ್ಟೆ ಹಿಡಿದು ಹೆಣದ ಬಳಿ ಕೂರಿಸಿದರು. ಮೂರು ಗಂಟೆಗೆ ಎತ್ತಿದರು. ಹೊಲ ಹತ್ತಿರವೇ ಇತ್ತು. ಹೆಂಗಸರೂ ನಡೆದರು. ಬಳೆಯಲ್ಲಿ ಮೆತ್ತಿದ್ದ ಹಿಟ್ಟು ಬೆವರಿಗೆ ಅಂಟಾಗಿತ್ತು.

ಕುಣಿಯ ಅಂಚಿನಲ್ಲಿ ಜೆ.ಸಿ.ಬಿ. ನಿಂತಿತ್ತು. ಅದರ ಪಕ್ಕದಲ್ಲಿ ಪ್ರಬುದ್ಧನ ಬೈಕು, ಹಡಗಲಿಯ ದಾರಿಗೆ ಮುಖ ಮಾಡಿ. ಹುಲುಗಣ್ಣ ಕುಣಿಗೆ ಇಳಿದು ಕುಡುಗೋಲಿನಿಂದ ಉಡಿದಾರ ಹರಿದ. ಕೀಲಿಯನ್ನು ಒರೆಸಿ ಮೇಲಕ್ಕೆ ಚಾಚಿದ.

"ತಗ. ಓಡು."

ಕೀರ್ತನಾ ಎರಡೂ ಕೈಯಲ್ಲಿ ಕೀಲಿ ಹಿಡಿದಳು. ಪ್ರಬುದ್ಧ ಬೈಕು ಚಾಲೂ ಮಾಡಿದ. "ನಾಕಕ್ಕ ಹತ್ತು ಕಮ್ಮಿ. ಹತ್ತು, ಜಲ್ದಿ."

"ಟ್ರಂಕಿನಾಗ ಇಲ್ಲ," ಎಂದಳು ಸುಮಂಗಲಾ.

ಬೆಳಗಿನಿಂದ ಅವಳು ತಾನಾಗಿ ಆಡಿದ ಮೊದಲ ಮಾತು ಅದು. ಎಲ್ಲರೂ ತಿರುಗಿದರು. ಅವಳು ಕರಿಸಿದ್ದಪ್ಪನನ್ನು ನೋಡಿ ಕೇಳಿದಳು. "ಹತ್ತೊಂಬತ್ತನೇ ತಾರೀಖಿಗೆ ನಮ್ಮ ಮನ್ಯಾಗಿಂದ ಏನು ಒಯ್ದಿ ಅಣ್ಣಾ?"

ಕರಿಸಿದ್ದಪ್ಪನ ಬಲಗೈ ತಾನಾಗಿ ಕಂಬಳಿಯೊಳಗೆ, ಅಂಗಿಯ ಜೇಬಿನ ಮೇಲೆ ಹೋಯಿತು. ಕೀರ್ತನಾ ಆ ಕೈಯನ್ನು ನೋಡಿದಳು.

"ಅಪ್ಪಾ. ಮುಂಜಾನಿಂದ ನನ್ನ ಬಾಜೂಕ ಕುಂತಿದ್ದೆಲ್ಲ."

"ಮೇಷ್ಟ್ರು ಬರದಾರ," ಎಂದ ಅವನು ನೆಲ ನೋಡುತ್ತ. "ನಾನೊಬ್ಬನ ಅಂದಿದ್ದಲ್ಲ. ದೀಪಾವಳಿ ಆದಮ್ಯಾಲೆ ಹಿಂಡು ಹೊಡಕೊಂಡು ಹೋದ್ರ ಆರು ತಿಂಗಳು ಮನಿ ಯಾರು ನೋಡ್ತಾರ? ನಿಮ್ಮವ್ವ ಇಲ್ಲ. ನಿನ್ನ ತಮ್ಮ ಸಣ್ಣಾವ. ನಿನ್ನ ಮಾರಿ ನೋಡಿ ಹೇಳಾಕ ಆಗಲಿಲ್ಲವ್ವ."

"ಇನ್ನಾ ಟೈಮ್ ಐತಿ. ಕೊಡು," ಎಂದು ಪ್ರಬುದ್ಧ ಬೈಕಿನ ಮೇಲಿಂದಲೇ ಕೈ ಚಾಚಿದ.

"ಏ, ಮಣ್ಣಿನ ಮುಂದ ಜಗಳ ತಗೀಬ್ಯಾಡ್ರಿ," ಎಂದು ಹುಲುಗಣ್ಣ ಕುಣಿಯೊಳಗಿಂದ ಗದರಿದ. "ಅಪ್ಪ ಮಗಳದು ಅಪ್ಪ ಮಗಳು ನೋಡ್ಕೊಂತಾರ. ಸತ್ತಾವನ ಮಾತು ಇವತ್ತ ತಗದು ಹಾಕತೀರೇನು? ಸುಮಂಗಲಾ, ನಿನಗ್ಯಾಕ ಬೇಕಿತ್ತವ್ವ? ಮೊದಲ ಮಣ್ಣು ಹಾಕ್ರಿ."

ಯಾರೋ ಹೌದು ಹೌದು ಎಂದರು. ಜನ ಸಾಲಾಗಿ ಬಂದು ಮೂರು ಮೂರು ಹಿಡಿ ಹಾಕತೊಡಗಿದರು. ಸುಮಂಗಲಾ ಹಾಕಿದಳು. ಅಂಜಿನಕ್ಕ ಅವಳನ್ನು ಕೂರಿಸಿ ಕಲ್ಲಿನ ಮೇಲೆ ಅವಳ ಬಳೆ ಒಡೆದಳು. ಕೀರ್ತನಾ ಕುಣಿಯ ಹತ್ತಿರ ಬರಲಿಲ್ಲ. ಕೀಲಿ ಹಿಡಿದು ಬೈಕಿನ ಪಕ್ಕದಲ್ಲೇ ನಿಂತಳು. ನಾಲ್ಕಾಯಿತು, ನಾಲ್ಕೂ ಇಪ್ಪತ್ತೈದಾಯಿತು. ಬೈಕು ಚಾಲೂ ಇತ್ತು.

ಹುಲುಗಣ್ಣ ಮೇಲೆ ಬಂದು ಪ್ರಬುದ್ಧನಿಗೆ ಕೈ ಬೀಸಿದ. "ಸಾಕು ನಿಂದು. ಬಂದು ಮುಚ್ಚು."

ಪ್ರಬುದ್ಧ ಹುಡುಗಿಯ ಮುಖ ನೋಡಿದ. ಮೊಬೈಲು ನೋಡಿದ. ಆಮೇಲೆ ಬೈಕಿನ ಕೀಲಿ ತಿರುಗಿಸಿ, ಜೆ.ಸಿ.ಬಿ. ಹತ್ತಿ ಕೂತ.

ಸಾಲಿನ ಕೊನೆಗೆ ಕರಿಸಿದ್ದಪ್ಪ ಉಳಿದಿದ್ದ. ಅವನು ಕುಣಿಯ ಅಂಚಿಗೆ ಬಂದು ಬಗ್ಗಿ, ಎಡಗೈಯಲ್ಲಿ ಮಣ್ಣು ಎತ್ತಿದ.

"ಬಲಗೈಲೆ ಹಾಕೋ, ಮೇಷ್ಟ್ರಿಗೆ," ಎಂದರು ಯಾರೋ.

ಅವನು ಎಡಗೈಯಲ್ಲೇ ಮೂರೂ ಹಿಡಿ ಹಾಕಿದ. ಬಕೆಟ್ಟು ಇಳಿದು ಮಣ್ಣು ದೂಡತೊಡಗಿದಾಗ ಅಂಚಿನಿಂದ ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಎಡಗೈ ಬೆರಳುಗಳಿಂದ ಕೆಂಪು ಮಣ್ಣು ಉದುರುತ್ತಿತ್ತು. ಜೇಬಿನ ಮೇಲಿದ್ದ ಬಲಗೈ ಚೊಕ್ಕಟವಾಗಿತ್ತು.