ಹುಲಿಗೆಪ್ಪನ ಮನೆಗೆ ಕಪ್ಪು ಬಣ್ಣ

ನನ್ನ ತಮ್ಮ ಹುಲಿಗೆಪ್ಪ ಮಾನ್ವಿಯಲ್ಲಿ ಮನೆಗಳಿಗೆ ಸುಣ್ಣ ಹಚ್ಚುವವನು. ಮಹಾನವಮಿ ಹತ್ತಿರ ಬಂತೆಂದರೆ ಮಹಾರಾಯ ಕೈಗೇ ಸಿಗುತ್ತಿರಲಿಲ್ಲ. ಎಪ್ಪತ್ತೆಂಟನೆಯ ಇಸವಿಯಲ್ಲಿ ಹಬ್ಬಕ್ಕೆ ಮುಂಚೆ ಮನೆಯ ಅಂಗಳದಲ್ಲಿ ಸುಣ್ಣದ ಕಲ್ಲಿಗೆ ನೀರು ಬಿಟ್ಟು ಅರಳಿಸುತ್ತಿದ್ದ. ಹಾಳಾದ್ದು ಒಂದು ಕಲ್ಲು ಸಿಡಿಯಿತು. ಕುದಿಯುವ ಸುಣ್ಣ ಎರಡೂ ಕಣ್ಣಿಗೆ ಬಿತ್ತು.

ಅವನ ಹೆಂಡತಿ ಆದೆಮ್ಮ ಕೊಡ ಎತ್ತಿಕೊಂಡು ಓಡಿಬಂದಳು. ಇವನು ನೆಲದಲ್ಲಿ ಹೊರಳಾಡುತ್ತಲೇ ಕೂಗಿದ.

"ನೀರು ಹಾಕಬ್ಯಾಡಲೇ! ಸುಣ್ಣಕ್ಕ ನೀರು ಬಿದ್ರ ಇನ್ನಾ ಕುದೀತದ, ಕಣ್ಣು ಬೆಂದು ಹೋಗ್ತಾವ! ಔಡಲೆಣ್ಣಿ ತಗೊಂಬಾ!"

ಹುಟ್ಟಿದಾಗಿನಿಂದ ಸುಣ್ಣದಲ್ಲೇ ಕೈಯಾಡಿಸಿದವನ ಮಾತು ಮೀರುವವರು ಯಾರು? ಸುಣ್ಣಕ್ಕೆ ನೀರು ಬಿದ್ದರೆ ಕುದಿಯುವುದನ್ನು ನೋಡಿಯೇ ನಾವೆಲ್ಲ ಬೆಳೆದವರು. ಔಡಲೆಣ್ಣೆ, ಅದೇ ಹರಳೆಣ್ಣೆ ಹಾಕಿ, ಬಟ್ಟೆ ಕಟ್ಟಿ, ಮರುದಿನ ಬೆಳಗಿನ ಬಸ್ಸಿಗೆ ರಾಯಚೂರಿಗೆ ಕರೆದುಕೊಂಡು ಹೋದೆವು.

ಡಾಕ್ಟರು ವಯಸ್ಸಾದವರು. ಎಣ್ಣೆಯ ವಿಷಯ ಕೇಳಿ ಹಣೆ ಚಚ್ಚಿಕೊಂಡರು.

"ಕೊಡಗಟ್ಲೆ ನೀರು ಸುರುವಬೇಕಿತ್ತಲ್ಲ ತಾಯಿ! ಸುಣ್ಣ ಎಲ್ಲಾ ತೊಳೆದು ಹೋಗ್ತಿತ್ತು. ಎಣ್ಣಿ ಹಾಕಿ ಒಳಗೇ ಇಟ್ಕೊಂಡು ಕುಂತ್ರಿ."

ಡಾಕ್ಟರು ಬ್ಯಾಟರಿ ಹಿಡಿದು ಕಣ್ಣಿಗೆ ಬೆಳಕು ಬಿಟ್ಟರು. ಹುಲಿಗೆಪ್ಪ "ಯವ್ವಾ, ಸತ್ತೆ!" ಎಂದು ಚೀರಿ ಮುಖ ತಿರುವಿದ. ಆಗ ಅವರು ತುಸು ಮೆತ್ತಗಾದರು.

"ಬೆಳಕು ಚುಚ್ಚತದಂದ್ರ ಕಣ್ಣಾಗ ಇನ್ನಾ ಜೀವ ಅದ. ಮುಲಾಮು ಹಚ್ಚಿ ಕತ್ತಲ್ದಾಗ ಇಡ್ರಿ. ನೋಡೋಣು."

ಆ "ನೋಡೋಣು" ಒಂದನ್ನೇ ಸೆರಗಿಗೆ ಕಟ್ಟಿಕೊಂಡು ನಾವು ಊರಿಗೆ ಬಂದೆವು.

ಕತ್ತಲೆ ಎಲ್ಲಿಂದ ತರುವುದು? ಊರ ಮನೆಗಳಿಗೆ ಹಚ್ಚಿ ಉಳಿದ ಸುಣ್ಣವನ್ನೆಲ್ಲ ಪ್ರತಿ ವರ್ಷ ಇವನು ತನ್ನ ಗೋಡೆಗೇ ಬಳಿದಿಟ್ಟಿದ್ದ. ಬಾಗಿಲ ಸಂದಿಯಿಂದ ಒಂದೆಳೆ ಬಿಸಿಲು ನುಸುಳಿದರೂ ಒಳಗೆಲ್ಲ ಬೆಳ್ಳಂಬೆಳಕು. ಗೋಣಿತಟ್ಟು ಕಟ್ಟಿದೆವು, ಕಂಬಳಿ ಕಟ್ಟಿದೆವು. ಇದ್ದದ್ದೇ ಒಂದು ಖೋಲಿ, ಒಲೆಯೂ ಅಲ್ಲೇ. ಹೊಗೆ ಹೋಗಲೆಂದು ಬಾಗಿಲು ತೆರೆದರೆ ಸಾಕು, ಅವನು ಗೋಡೆಗೆ ಮುಖ ಹಚ್ಚಿ ಅಳುತ್ತಿದ್ದ.

"ಯಕ್ಕಾ, ಗ್ವಾಡೀನ ಕರ್ರಗ ಮಾಡಿಬಿಡೋಣು" ಎಂದಳು ಆದೆಮ್ಮ.

"ನಿನಗೇನು ತಲಿ ಕೆಟ್ಟದೇನು?" ಎಂದೆ. ಆದರೆ ಅವಳು ಆಗಲೇ ದಸ್ತಗೀರ್ ಸಾಬರ ಮನೆಗೆ ನಡೆದಿದ್ದಳು.

ಸಾಬರು ಅಂಗಡಿಗಳಿಗೆ ಬೋರ್ಡು ಬರೆಯುವವರು, ನನ್ನ ತಮ್ಮನ ಜೀವದ ಗೆಳೆಯ. ದೀಪದ ಮಸಿ, ನೀಲಿ ಪುಡಿ, ಅಂಟು ಕೂಡಿಸಿ ಕುದಿಸಿ ಬಕೆಟ್ಟು ತುಂಬ ಬಣ್ಣ ತಂದರು. ಆದೆಮ್ಮ ಸೆರಗು ಸಿಕ್ಕಿಸಿ ಗಂಡನ ಕುಂಚವನ್ನೇ ಹಿಡಿದಳು. ಪಕ್ಕದ ಮನೆಯ ಅಮರಮ್ಮ ಬಂದು ಬಾಗಿಲಲ್ಲಿ ಕೈ ಊರಿ ನಿಂತಳು.

"ಹಬ್ಬಕ್ಕ ಊರೆಲ್ಲಾ ಬೆಳ್ಳಗ ಮಾಡಾಕತ್ತಾರ, ನೀವು ಕರ್ರಗ ಮಾಡಾಕತ್ತೀರಿ! ಮುತ್ತೈದಿ ಬಾಳೋ ಮನಿಗೆ ಇದು ಚಲೋ ಅಲ್ಲವ್ವ."

"ನಿನ್ನ ಶಾಸ್ತ್ರ ನಿನ್ನ ಮನ್ಯಾಗ ಇಟ್ಕೋ. ಬೆಳಕಿಗೆ ಅಡ್ಡ ನಿಂತಿದ್ದೊಂದ ಪುಣ್ಯ, ಹಂಗ ನಿಂತಿರು" ಎಂದೆ. ನನ್ನ ಬಾಯಿ ಮೊದಲಿನಿಂದಲೂ ಹಾಗೇ. ಅವಳು ದುಮುದುಮು ಎನ್ನುತ್ತ ಹೋದಳು.

ಒಣಗಿದ ಮೇಲೆ ಗೋಡೆ ಪೂರಾ ನೇರಳೆಹಣ್ಣಿನ ಬಣ್ಣವಾಯಿತು. ದೀಪ ಹಚ್ಚಿದರೂ ಬೆಳಕು ದೀಪದ ಬುಡ ಬಿಟ್ಟು ಕದಲಲಿಲ್ಲ. ಸುಳ್ಳೇಕೆ ಹೇಳಲಿ, ಚೆಂದವೇ ಕಂಡಿತು.

"ಹುಲಿಗಿ, ನವಾಬರ ಖೋಲಿ ಆಗೇದ ನೋಡಪಾ" ಎಂದರು ಸಾಬರು.

"ಖರೇನ?" ಎಂದ ಅವನು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು. "ತಡಿ, ಪಟ್ಟಿ ಬಿಚ್ಚಿದ ಮ್ಯಾಲ ನಾನೇ ನೋಡ್ತೀನಿ."

ಬಣ್ಣ ಹಚ್ಚಿದ ಮೇಲೆ ಅವನ ಚೀರಾಟ ಕಡಿಮೆಯಾಯಿತು. ಹಬ್ಬ ಮುಗಿಯುವ ಹೊತ್ತಿಗೆ ಪೂರಾ ನಿಂತಿತು. ಆ ಕತ್ತಲಲ್ಲೇ ಪಟ್ಟಿ ಬಿಚ್ಚಿ ಕುಳಿತು ಉಣ್ಣತೊಡಗಿದ. ಹಿಟ್ಟು ಬೀಸುವಲ್ಲಿ, ನೀರಿನ ಹತ್ತಿರ, ಎಲ್ಲಿ ನಿಂತರೂ ಆದೆಮ್ಮನದು ಒಂದೇ ಮಾತು: "ಗ್ವಾಡಿ ಕರ್ರಗ ಮಾಡಿದ್ದಕ್ಕ ಉಳಕೊಂಡ್ವು ನೋಡ್ರಿ ಕಣ್ಣು." ನಾನೂ ನಂಬಿದೆ. ಅಮರಮ್ಮನ ಮುಂದೆ ಮೂತಿ ತಿರುವಿಕೊಂಡೇ ಓಡಾಡಿದೆ.

ಒಂದು ಮಧ್ಯಾಹ್ನ ಬುಟ್ಟಿಯಲ್ಲಿ ರೊಟ್ಟಿ ಹೊತ್ತು ಹೋದೆ. ಎರಡೂ ಕೈ ಬಿಡುವಿರಲಿಲ್ಲ, ಕಾಲಿನಿಂದ ಬಾಗಿಲು ನೂಕಿದೆ. ಅದು ಗೋಡೆಯವರೆಗೂ ಹೋಗಿ ಬಡಿಯಿತು, ಗೋಣಿತಟ್ಟು ಕಳಚಿ ಬಿತ್ತು. ಸುಡು ಬಿಸಿಲು ನೇರ ನನ್ನ ತಮ್ಮನ ಮುಖದ ಮೇಲೆ ಬಿತ್ತು. ಅಯ್ಯೋ ಶಿವನೇ, ಈಗ ಚೀರುತ್ತಾನೆ ಎಂದುಕೊಂಡೆ.

ಅವನು ಚೀರಲಿಲ್ಲ. ಕಣ್ಣು ತೆರೆದೇ ಇದ್ದವು. ರೆಪ್ಪೆಯನ್ನೂ ಅಲುಗಿಸದೆ ಸದ್ದು ಬಂದ ಕಡೆಗೆ ಕತ್ತು ತಿರುಗಿಸಿದ.

"ಯಾರು, ಯಕ್ಕಾನಾ? ಬಾ. ಬಾಗಲಾ ಹಾಕು, ಬೆಳಕು ಬಂದುಬಿಡ್ತದ."

ಒಲೆಯ ಮುಂದೆ ಕುಳಿತಿದ್ದ ಆದೆಮ್ಮ ಗಂಡನ ಮುಖ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ನಾನು ರೊಟ್ಟಿಯ ಬುಟ್ಟಿ ಕೆಳಗಿಟ್ಟೆ.

"ಬಣ್ಣ ಭಾಳ ಚಲೋ ಆತಲೇ ಆದಿ" ಎಂದ ಹುಲಿಗೆಪ್ಪ. "ಒಂದೀಟೂ ಚುಚ್ಚವಲ್ದು ಈಗ. ಬಾಗಲಾ ಹಾಕಿದ್ರಿಲ್ಲೋ?"

ಆದೆಮ್ಮ ಎದ್ದು ಬಾಗಿಲವರೆಗೆ ಬಂದಳು. ಕದ ಮುಟ್ಟಲಿಲ್ಲ. ಬಿಸಿಲಲ್ಲಿ ನಿಂತೇ, "ಹೂನ್ರಿ, ಹಾಕೀನಿ" ಎಂದಳು.