ಶಂಭು ಇನಾಮದಾರನ ಮೇಲೆ ನನಗಿರುವ ಹಗೆ

ನಾನು ಒಂದು ಟೆನಿಸ್ ರ್ಯಾಕೆಟ್. ಮರದ್ದು. ಈಗಿನ ಮಕ್ಕಳು ನನ್ನನ್ನು ಕಂಡರೆ ನಗುತ್ತಾರೆ, ನಗಲಿ. ಹಾವಿನ ದ್ವೇಷ ಹನ್ನೆರಡು ವರ್ಷ ಎನ್ನುತ್ತಾರೆ. ನನ್ನದು ಮೂವತ್ತು ದಾಟಿದೆ. ಯಾರ ಮೇಲೆ, ಏಕೆ ಎಂಬುದನ್ನು ಮುಚ್ಚಿಡದೆ ಹೇಳುತ್ತೇನೆ. ಕೇಳಿದ ಮೇಲೆ ನನ್ನದೇ ತಪ್ಪು ಅನಿಸಿದರೆ ಹಾಗೆಯೇ ಅಂದುಕೊಳ್ಳಿ, ನನಗೇನೂ ಬೇಸರವಿಲ್ಲ.

ನಾನು ಹುಟ್ಟಿದ್ದು ಜಲಂಧರದ ಒಂದು ಕಾರ್ಖಾನೆಯಲ್ಲಿ. ಮರವನ್ನು ತೆಳ್ಳನೆಯ ಪಟ್ಟಿಗಳಾಗಿ ಸೀಳಿ, ಹಬೆಯಲ್ಲಿ ಮೆತ್ತಗೆ ಮಾಡಿ, ಒಂದರ ಮೇಲೊಂದು ಅಂಟಿಸಿ, ಅಚ್ಚಿನ ಸುತ್ತ ಬಗ್ಗಿಸಿದರು. ಬಗ್ಗಿದ ಮರಕ್ಕೆ ಮತ್ತೆ ನೆಟ್ಟಗಾಗುವ ಆಸೆ ಹೋಗುವುದೇ ಇಲ್ಲ. ಅದಕ್ಕೇ ಆಟ ಮುಗಿದ ಮೇಲೆ ನಮ್ಮ ತಲೆಯನ್ನು ಪ್ರೆಸ್ ಎಂಬ ಮರದ ಚೌಕಟ್ಟಿನಲ್ಲಿಟ್ಟು, ನಾಲ್ಕು ಮೂಲೆಯ ತಿರುಪುಗಳನ್ನು ಸಮನಾಗಿ ಬಿಗಿಯಬೇಕು. ಮರೆಯುತ್ತ ಹೋದರೆ ವರ್ಷ ಕಳೆದಂತೆ ಸೊಟ್ಟಗಾಗುತ್ತೇವೆ. ಇನ್ನು ನನ್ನ ತಂತಿಗಳು ಕುರಿಯ ಕರುಳಿನವು. ಅವಕ್ಕೆ ನೀರು ಸೋಕಿದರೆ ಮುಗಿಯಿತು. ಇವೆರಡೇ ನನ್ನ ಪಥ್ಯ.

ಹುಬ್ಬಳ್ಳಿಯ ಒಂದು ಅಂಗಡಿಯ ಗಾಜಿನ ಹಿಂದೆ ನಾಲ್ಕು ತಿಂಗಳು ನಿಂತಿದ್ದೆ. ಧಾರವಾಡದ ವಕೀಲರೊಬ್ಬರು ಬಂದು, ಅಕ್ಕನ ಮಗನಿಗೆಂದು ನನ್ನನ್ನು ಕೊಂಡರು. ಆ ಅಕ್ಕನ ಮಗನೇ ಶಂಭುಲಿಂಗ ಇನಾಮದಾರ. ಆಗ ಅವನಿಗೆ ಹದಿನೆಂಟು. ತಂದೆ ಇಲ್ಲದ ಮನೆ, ತಾಯಿ ನೀಲವ್ವನ ಒಬ್ಬನೇ ಮಗ.

ಹಗೆಯವನ ವಿಷಯದಲ್ಲೂ ಸುಳ್ಳು ಹೇಳಬಾರದು. ಶಂಭುವಿನಂತಹ ಆಟಗಾರನನ್ನು ನಾನು ಮತ್ತೆ ಕಂಡಿಲ್ಲ. ಉಳಿದವರು ಚೆಂಡಿನ ಹಿಂದೆ ಓಡುತ್ತಿದ್ದರು. ಇವನು ಚೆಂಡು ಬರುವುದಕ್ಕೆ ಮೊದಲೇ ಅಲ್ಲಿ ನಿಂತಿರುತ್ತಿದ್ದ. ಧಾರವಾಡದ ಕ್ಲಬ್ಬಿನ ಹಿರಿಯರು ಇಸ್ಪೀಟು ಎಲೆಗಳನ್ನು ಬೋರಲು ಹಾಕಿ ಅವನ ಆಟ ನೋಡಲು ಎದ್ದು ಬರುತ್ತಿದ್ದರು. ಒಂದು ಸಲ ಪುಣೆಯಿಂದ ಬಂದ ಚಾಂಪಿಯನ್ನನನ್ನು ಮುಕ್ಕಾಲು ಗಂಟೆಯಲ್ಲಿ ಮುಗಿಸಿ, ಬೆವರನ್ನೂ ಒರೆಸಿಕೊಳ್ಳದೆ ಸೈಕಲ್ ಹತ್ತಿ ಮನೆಗೆ ಹೋದ. ಆ ದಿನ ನನಗಿದ್ದ ಜಂಬ ಅಷ್ಟಿಷ್ಟಲ್ಲ.

ಆದರೆ ಗೆದ್ದಾಗ ಮಾತ್ರ ಅವನು ನನ್ನ ಗೆಳೆಯ. ಒಂದು ಚೆಂಡು ತಪ್ಪಿದರೆ ನನ್ನ ತಲೆಯನ್ನು ನೆಟ್ಟಿನ ಕಂಬಕ್ಕೆ ಕುಟ್ಟುತ್ತಿದ್ದ. ಎರಡು ತಪ್ಪಿದರೆ ನೆಲಕ್ಕೆ. ಬೈಗುಳ ಬೇರೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವನು ಕುಣಿಯಬಲ್ಲವನು, ಆದರೂ ನೆಲವನ್ನೇ ಬೈಯುತ್ತಿದ್ದ. ಅಭ್ಯಾಸವೆಂದರೆ ಅವನಿಗೆ ಅವಮಾನ. "ಬರದವರು ಕಲೀತಾರ, ನಾ ಯಾಕ ಕಲೀಲಿ?" ಎನ್ನುತ್ತಿದ್ದ. ಪ್ರೆಸ್ಸಿಗೆ ಹಾಕುವುದಂತೂ ದೂರದ ಮಾತು, ಮಂಚದ ಕೆಳಗೆ ಒದ್ದುಬಿಡುತ್ತಿದ್ದ. ನೀಲವ್ವ ಕಸ ಗುಡಿಸುವಾಗ ನನ್ನನ್ನು ಎತ್ತಿ, ಸೆರಗಿನಿಂದ ಒರೆಸಿ, ಕಪಾಟಿನ ಮೇಲೆ ಇಡುತ್ತಿದ್ದಳು. ಟೆನಿಸ್ ಎಂದರೇನೆಂದು ಅವಳಿಗೆ ತಿಳಿದಿರಲಿಲ್ಲ. ಮಗ ಹಿಡಿಯುವ ವಸ್ತು ಎಂಬುದೊಂದು ತಿಳಿದಿತ್ತು.

ಎರಡು ವರ್ಷ ಹೀಗೇ ಸಹಿಸಿದೆ. ಮೂರನೆಯ ವರ್ಷ ಖಂಡೇನವಮಿ ಬಂತು. ಅಂದು ಕೆಲಸದ ಸಾಮಾನುಗಳಿಗೆಲ್ಲ ಪೂಜೆ. ನೀಲವ್ವ ಕುಡುಗೋಲು, ಈಳಿಗೆ, ಹೊಲಿಗೆಯಂತ್ರ, ಸೈಕಲ್ಲು ಎಲ್ಲವನ್ನೂ ತೊಳೆದಳು. ಆಮೇಲೆ ನನ್ನನ್ನೂ ತಂದು, ಎರಡು ಕೊಡ ನೀರು ಸುರಿದು, ಸೀಗೆಪುಡಿ ಹಾಕಿ ತಿಕ್ಕಿ ತೊಳೆದಳು. ಕರುಳು ಕುಡಿಯಿತು, ಮರ ಕುಡಿಯಿತು. ಪ್ರಾಣ ಹೋಗುತ್ತಿದೆ ಎಂದು ನನಗೆ ಗೊತ್ತಿತ್ತು. ಆದರೂ ಸುಮ್ಮನಿದ್ದೆ. ಏಕೆಂದರೆ ಆಮೇಲೆ ಅವಳು ನನಗೆ ವಿಭೂತಿ ಬಳಿದು, ಕುಂಕುಮವಿಟ್ಟು, ಚೆಂಡುಹೂ ಏರಿಸಿ ಕೈಮುಗಿದಳು. ನನಗೆ ಯಾರಾದರೂ ಕೈಮುಗಿದದ್ದು ಅದೇ ಮೊದಲು.

ಶಂಭು ಸ್ನಾನ ಮುಗಿಸಿ ಬಂದ. ನನ್ನನ್ನು ಎತ್ತಿ ತಂತಿ ಒತ್ತಿ ನೋಡಿದ. ಅವನ ಮುಖ ಕಪ್ಪಿಟ್ಟಿತು.

"ಅವ್ವಾ, ಇದನ್ನ ನೀರಾಗ ತೊಳದಿ ಏನು?"

"ಹೌದಪಾ. ತೊಳೀದ ಪೂಜಿ ಹೆಂಗ ಮಾಡೂದು?"

"ನಿನಗ ಬುದ್ಧಿ ಐತೇನು? ಕರಳಿನ ತಂತಿ ಇದು! ನಾಳೆ ಮ್ಯಾಚ್ ಐತಿ ನಂದು!"

"ನನಗೇನ್ ಗೊತ್ತಪಾ ಶಂಭು. ಅದೂ ನಿನ್ನ ಕೂಡ ದಣೀತೈತಿ, ಅದಕ್ಕೂ ಒಂದು ಹೂವು ಇರ್ಲಿ ಅಂತ..."

ಅವಳ ಮಾತು ಮುಗಿಯಲಿಲ್ಲ. ತಾಯಿಗೆ ಹೊಡೆಯುವಷ್ಟು ಅವನು ಕೆಟ್ಟಿರಲಿಲ್ಲ. ಆ ಪೆಟ್ಟು ನನಗೆ ಬಿತ್ತು. ಹೂವಿನ ಸಮೇತ ನನ್ನನ್ನು ಅಂಗಳದ ಒರಳುಕಲ್ಲಿಗೆ ಎಸೆದ. ನನ್ನ ಕುತ್ತಿಗೆ ಲಟಕ್ಕೆಂದಿತು. ನೀಲವ್ವ ನನ್ನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು ಅತ್ತಳು. ಅವನು ಸೈಕಲ್ ಹತ್ತಿ ಹೋದ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಮತ್ತೆ ಬರುವುದಿಲ್ಲ, ಮಗನೇ, ಎಂದುಕೊಂಡೆ ನಾನು. ನಿನ್ನ ಮೂಗನ್ನು ನಾನೇ ಕೊಯ್ಯುತ್ತೇನೆ.

ಹಬ್ಬ ಮುಗಿದ ಮೇಲೆ ನೀಲವ್ವ ನನ್ನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕ್ಲಬ್ಬಿಗೆ ನಡೆದಳು. ಅಲ್ಲಿ ಮಾರ್ಕರನಾಗಿದ್ದವನು ಮೌನೇಶ ಬಡಿಗೇರ. ಅಂಗಳಕ್ಕೆ ರೋಲರ್ ಎಳೆಯುವುದು, ಸುಣ್ಣದ ಗೆರೆ ಹಾಕುವುದು, ತಂತಿ ಕಟ್ಟುವುದು, ಸದಸ್ಯರಿಗೆ ಜೊತೆ ಇಲ್ಲದಾಗ ಎದುರು ನಿಂತು ಆಡುವುದು, ಇವು ಮಾರ್ಕರನ ಕೆಲಸ. ಶಂಭುವಿನ ವಾರಿಗೆಯವನೇ. ತಲೆಮಾರುಗಳಿಂದ ಬಾಗಿಲು, ಬಂಡಿ ಮಾಡಿದ ಮನೆತನ. ನನ್ನ ಕುತ್ತಿಗೆಯನ್ನು ಎರಡು ಬೆರಳಿನಲ್ಲಿ ಹಿಡಿದು ನೋಡಿದ.

"ಕೂಡಸ್ತೀನ್ರಿ ಅವ್ವಾರ. ಮೊದಲಿನಂಗ ಆಗೂದಿಲ್ಲ, ಆದ್ರ ಆಡಾಕ ಬರ್ತೈತಿ."

ಹದಿನೈದು ದಿನ ಅಂಟು ಹಾಕಿ ಬಿಗಿದಿಟ್ಟ. ಮೇಣ ಹಚ್ಚಿದ ದಾರವನ್ನು ಕುತ್ತಿಗೆಗೆ ಒತ್ತಾಗಿ ಸುತ್ತಿದ. ಕರುಳಿನ ಬದಲು ನೈಲಾನ್ ತಂತಿ ಕಟ್ಟಿದ. ಶಂಭುವಿಗೆ ಒಪ್ಪಿಸಲು ಹೋದರೆ ಅವನ ಕೈಯಲ್ಲಿ ಆಗಲೇ ಹೊಸ ರ್ಯಾಕೆಟ್ ಇತ್ತು.

"ಮುರದದ್ದನ್ನ ಹಿಡದು ಆಡಾಕ ನಾ ಏನ್ ಗತಿಗೆಟ್ಟೀನೇನಲೇ ಮೌನ್ಯಾ? ನೀನ ಇಟ್ಕೊ."

ಹೀಗೆ ನಾನು ಮೌನೇಶನ ಪಾಲಾದೆ. ಮೊದಮೊದಲು ನನಗೆ ನಿರಾಸೆಯೇ. ಇವನ ಕೈ ಒರಟು, ಕಾಲು ಭಾರ. ಆದರೆ ದಿನಾ ಬೆಳಿಗ್ಗೆ ರೋಲರ್ ಎಳೆದಾದ ಮೇಲೆ ಕ್ಲಬ್ಬಿನ ಹಿಂಗೋಡೆಗೆ ಮುನ್ನೂರು ಚೆಂಡು ಹೊಡೆಯುತ್ತಿದ್ದ. ಇನ್ನೂರ ತೊಂಬತ್ತೆಂಟರಲ್ಲಿ ತಪ್ಪಿದರೂ ಮತ್ತೆ ಒಂದರಿಂದ ಶುರು. ಬೈಯುತ್ತಿರಲಿಲ್ಲ, ನಿಟ್ಟುಸಿರೂ ಬಿಡುತ್ತಿರಲಿಲ್ಲ. ಮುಗಿದ ಮೇಲೆ ನನ್ನನ್ನು ಒರೆಸಿ ಪ್ರೆಸ್ಸಿಗೆ ಹಾಕಿ, ನಾಲ್ಕು ಮೂಲೆಗೂ ಒಂದೊಂದೇ ಸುತ್ತು ತಿರುಪು ಬಿಗಿಯುತ್ತಿದ್ದ. ಅವನನ್ನು ನೋಡನೋಡುತ್ತ ನನಗೆ ಧೈರ್ಯ ಬಂತು. ನನ್ನ ಸೇಡಿಗೆ ಇವನೇ ಆಳು.

ಎರಡು ವರ್ಷದ ಮೇಲೆ ಕಾಲ ಕೂಡಿ ಬಂತು. ಹುಬ್ಬಳ್ಳಿಯ ಒಂದು ಬಟ್ಟೆ ಗಿರಣಿಯವರು ತಮ್ಮ ಟೆನಿಸ್ ತಂಡಕ್ಕೆ ಒಬ್ಬ ಆಟಗಾರನನ್ನು ಹುಡುಕುತ್ತಿದ್ದರು. ಒಬ್ಬನೇ ಒಬ್ಬ. ಆಯ್ಕೆಯಾದವನಿಗೆ ಗಿರಣಿಯಲ್ಲಿ ಕಾಯಂ ನೌಕರಿ, ವರ್ಷಕ್ಕೆ ಆರು ತಿಂಗಳು ಮುಂಬಯಿ, ಕಲಕತ್ತ, ದಿಲ್ಲಿಯ ದೊಡ್ಡ ಪಂದ್ಯಗಳು. ಶಂಭುವಿಗೆ ದೇಶವೆಲ್ಲ ತನ್ನ ಹೆಸರು ಕೇಳಲು ಇದ್ದದ್ದು ಅದೊಂದೇ ಬಾಗಿಲು. ಮೌನೇಶನಿಗೆ ರೋಲರ್ ಎಳೆಯುವುದರಿಂದ ಬಿಡುಗಡೆ ಪಡೆಯಲು ಕೂಡ ಅದೊಂದೇ. ಇಪ್ಪತ್ತು ಜನ ಆಡಿದರು. ಕೊನೆಗೆ ಉಳಿದವರು ಇವರಿಬ್ಬರು.

ಅಂಗಳಕ್ಕೆ ಇಳಿದಾಗ ಶಂಭು ನನ್ನನ್ನು ಗುರುತಿಸಿ ನಕ್ಕ. "ಏನಲೇ, ನಾ ಬಿಸಾಕಿದ್ದನ್ನ ತಂದೀಯಲಾ?" ಮೌನೇಶ, "ಹೌದ್ರಿ ಸಾಹೇಬ್ರ," ಎಂದಷ್ಟೇ ಹೇಳಿದ. ನಾನು ಉರಿದುಹೋದೆ.

ಮೊದಲ ಸೆಟ್ಟು ಶಂಭುವಿಗೆ, ಆರು-ಒಂದು. ಹೇಳಲು ನಾಚಿಕೆಯಾಗುತ್ತದೆ, ಚೆಂಡು ಎಲ್ಲಿಂದ ಬರುತ್ತದೆ ಎಂದೇ ನಮಗೆ ತಿಳಿಯಲಿಲ್ಲ. ಎರಡನೆಯದರಲ್ಲೂ ಅವನು ಐದು-ಮೂರು ಮುಂದಿದ್ದ, ಸರ್ವಿಸೂ ಅವನದೇ, ಮೂವತ್ತು-ಹದಿನೈದು. ಇನ್ನೆರಡು ಅಂಕ ಬಂದರೆ ಪಂದ್ಯ ಮುಗಿಯುತ್ತಿತ್ತು. ಆಗ ಅವನು ಹೊಡೆದ ಚೆಂಡೊಂದು ನಮ್ಮ ಹಿಂದಿನ ಗೆರೆಯ ಮೇಲೆ ಬಿತ್ತು. ಅಂಪೈರಾಗಿದ್ದ ಮುದುಕರು "ಔಟ್" ಎಂದರು.

ಶಂಭು ಸಿಡಿದ. ಹೊಸ ರ್ಯಾಕೆಟನ್ನು ನೆಲಕ್ಕಪ್ಪಳಿಸಿ, "ಕಣ್ಣು ಕಾಣದವರನ್ನ ತಂದು ಕೂಡಸ್ಯಾರ ಇಲ್ಲೆ!" ಎಂದು ಕಿರುಚಿದ. ಗಿರಣಿಯ ದೊಡ್ಡವರೆಲ್ಲ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ನಾನು ಕುಣಿಯುವುದೊಂದು ಬಾಕಿ. ಅಷ್ಟರಲ್ಲಿ ಮೌನೇಶ ಕೈ ಎತ್ತಿದ.

"ಸರ್, ಚಂಡು ಒಳಗ ಬಿದ್ದಿತ್ರಿ. ಸುಣ್ಣ ಹಾರಿದ್ದು ನಾ ನೋಡೀನ್ರಿ. ಅಂಕ ಅವರದು."

ಈ ಪೆದ್ದನನ್ನು ನಂಬಿ ಕೆಟ್ಟೆನಲ್ಲಾ ಎಂದು ನಾನು ಅವನ ಕೈಯಲ್ಲೇ ಒದ್ದಾಡಿದೆ. ಈಗ ನಲವತ್ತು-ಹದಿನೈದು. ಇನ್ನೊಂದು ಅಂಕ ಶಂಭುವಿಗೆ ಸಿಕ್ಕರೆ ಗಿರಣಿಯ ಬಾಗಿಲು ತೆರೆದಂತೆಯೇ.

ಬೇರೆ ಯಾರಾದರೂ ಆಗಿದ್ದರೆ ತಲೆ ಆಡಿಸಿ ಆ ಅಂಕ ಆಡಿಬಿಡುತ್ತಿದ್ದರು. ಶಂಭು ನೆಟ್ಟಿನ ತನಕ ನಡೆದು ಬಂದ.

"ನಿನ್ನ ಭಿಕ್ಷಾ ನನಗ ಬೇಕೇನಲೇ? ಮಾರ್ಕರ್ ಕೊಟ್ಟದ್ದು ತಗೊಂಡು ಇನಾಮದಾರ ಗೆಲ್ತಾನೇನು? ನೋಡೀಗ."

ಹಿಂದಕ್ಕೆ ಹೋಗಿ, ಎಲ್ಲರೂ ನೋಡುತ್ತಿದ್ದಂತೆ, ಮೊದಲ ಸರ್ವಿಸನ್ನು ಬೇಲಿಯಾಚೆಗೆ ಹೊಡೆದ. ಎರಡನೆಯದನ್ನೂ ಬೇಲಿಯಾಚೆಗೆ. ತನ್ನ ಗೆಲುವನ್ನು ತಾನೇ ಎತ್ತಿ ಆಚೆ ಎಸೆದ. ಎರಡೂ ತಪ್ಪಿದ್ದರಿಂದ ಅಂಕ ನಮಗೆ, ನಲವತ್ತು-ಮೂವತ್ತು. ಇನ್ನೂ ಒಂದು ಅವಕಾಶ ಉಳಿದಿತ್ತು. ಈ ಸಲ ನಿಜವಾಗಿಯೇ ಗೆಲ್ಲಬೇಕೆಂದು ಆಡಿದ. ಮೌನೇಶ ಹೇಗೋ ತಡೆದ ಚೆಂಡು ನೆಟ್ಟಿನ ಬಳಿ ತೇಲಿ ಬಂತು, ಮಕ್ಕಳೂ ಹೊಡೆಯಬಹುದಾದ ಚೆಂಡು. ಆದರೆ ಅವನ ತೋಳಿನಲ್ಲಿ ಸಿಟ್ಟು ತುಂಬಿತ್ತು. ಮಾರುದ್ದ ಹೊರಗೆ ಹೊಡೆದ. ಆಮೇಲೆ ಕರೆದರೂ ಅವನ ಆಟ ಹಿಂದಿರುಗಿ ಬರಲಿಲ್ಲ. ಆ ಗೇಮು ಹೋಯಿತು, ಸೆಟ್ಟು ಹೋಯಿತು. ಮೂರನೆಯ ಸೆಟ್ಟಿನಲ್ಲಿ ಮೌನೇಶ ವಿಶೇಷವೇನೂ ಮಾಡಲಿಲ್ಲ. ಕ್ಲಬ್ಬಿನ ಗೋಡೆಗೆ ಹೊಡೆದಂತೆ ಎಣಿಸಿ ಎಣಿಸಿ ವಾಪಸು ಕಳಿಸಿದ. ಆರು-ಎರಡು.

ಶಂಭು ಕೈ ಕುಲುಕದೆ ಹೊರಟುಹೋದ. ಮಾಡಿದ್ದುಣ್ಣೋ ಮಹರಾಯ! ಅಂದು ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ನನ್ನ ಕುತ್ತಿಗೆಯ ನೋವು ಮೊದಲ ಸಲ ಮಾಯವಾಗಿತ್ತು. ಮೌನೇಶ ಮಾತ್ರ ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬರುವಾಗ ಎಂದಿನಂತೆ ನನ್ನನ್ನು ಒರೆಸಿ, ಪ್ರೆಸ್ಸಿನ ತಿರುಪುಗಳನ್ನು ಒಂದೊಂದೇ ಸುತ್ತು ಬಿಗಿದ.

ಮುಂದಿನ ಒಂಬತ್ತು ವರ್ಷ ಅವನು ಗಿರಣಿಯ ಪರವಾಗಿ ಆಡಿದ. ದೊಡ್ಡ ಕಪ್ಪು ಒಂದೂ ಬರಲಿಲ್ಲ. ಮುಂಬಯಿಯಲ್ಲಿ ಒಮ್ಮೆ ಕೊನೆಯ ಎಂಟರಲ್ಲಿ ಬಂದದ್ದೇ ಹೆಚ್ಚು. ಲೋಹದ ರ್ಯಾಕೆಟ್ಟುಗಳು ಬಂದ ಮೇಲೆ ನನಗೆ ಪ್ರೆಸ್ಸಿನ ಸಮೇತ ಅವನ ಮನೆಯ ಗೋಡೆಯ ಮೊಳೆ ಕಾಯಂ ಆಯಿತು. ಅಲ್ಲಿ ತೂಗುತ್ತಲೇ ಶಂಭುವಿನ ಸುದ್ದಿಯನ್ನು ಹಬ್ಬದಡುಗೆಯಂತೆ ಚಪ್ಪರಿಸುತ್ತಿದ್ದೆ. ಬೆಳಗಾವಿಯಲ್ಲಿ ಅಂಪೈರನನ್ನು ತಳ್ಳಿದನಂತೆ. ಒಂದು ವರ್ಷ ಆಡದಂತೆ ಹೊರಗಿಟ್ಟರಂತೆ. ನೀಲವ್ವ ತೀರಿಕೊಂಡಳಂತೆ. ಈ ಒಂದು ಸುದ್ದಿಗೆ ಮಾತ್ರ ಅತ್ತೆ. ಇಪ್ಪತ್ತೇಳಕ್ಕೇ ಆಟ ಬಿಟ್ಟು ಬೀಜ-ಗೊಬ್ಬರದ ಅಂಗಡಿ ಇಟ್ಟನಂತೆ. ಇರಲಿ, ಇನ್ನೂ ಆಗಲಿ ಎಂದುಕೊಂಡೆ.

ಕಳೆದ ವೈಶಾಖದಲ್ಲಿ ಶಂಭುವೇ ಮೌನೇಶನ ಮನೆಗೆ ಬಂದ. ಮಗಳ ಲಗ್ನಪತ್ರಿಕೆ ಕೊಡಲು. ಹೊಟ್ಟೆ ಬಂದಿತ್ತು, ತಲೆ ಬೋಳಾಗಿತ್ತು. ಮೌನೇಶ ಈಗ ಮನೆಯ ಹಿಂದಿನ ಅಂಗಳದಲ್ಲಿ ಮಕ್ಕಳಿಗೆ ಟೆನಿಸ್ ಕಲಿಸುತ್ತಾನೆ. ಚಹಾ ಕುಡಿಯುತ್ತ ಶಂಭು ಗೋಡೆ ನೋಡಿದ, ಎದ್ದು ಬಂದ, ನನ್ನನ್ನು ಇಳಿಸಿ ಪ್ರೆಸ್ಸಿನಿಂದ ಬಿಡಿಸಿದ. ಅವನ ಬೆರಳು ಕುತ್ತಿಗೆಯ ದಾರದ ಮೇಲೆ ಹರಿದಾಡಿತು.

"ಮೌನೇಶಪ್ಪಾ, ಒಂದ್ ನಾಕ್ ಚಂಡು ಹೊಡೀಲೇನು?"

"ಅದಕ್ಕೇನ್ ಕೇಳ್ತೀರಿ ಶಂಭಣ್ಣಾ, ಬರ್ರಿ."

ಇದಕ್ಕಾಗಿಯೇ ನಾನು ಕಾದಿದ್ದೆ. ಒಳಗಿನ ಬಿರುಕು ಹಾಗೆಯೇ ಇತ್ತು. ಅವನು ಹೊಡೆದ ಕೂಡಲೇ ಒಡೆದು, ಒಂದು ಸಿಬಿರನ್ನು ಅವನ ಅಂಗೈಗೆ ಇಳಿಸಬೇಕೆಂದು ಸಿದ್ಧನಾದೆ. ಮೌನೇಶ ಆ ಕಡೆಯಿಂದ ಮೆಲ್ಲನೆ ಒಂದು ಚೆಂಡು ಕಳಿಸಿದ. ಶಂಭು ಚಪ್ಪಲಿ ಕಾಲಿನಲ್ಲೇ ನಿಂತಿದ್ದ. ಓಡುವ ಶಕ್ತಿ ಇರಲಿಲ್ಲ. ಭುಜ ಮಾತ್ರ ತಿರುಗಿತು. ಚೆಂಡು ನನ್ನ ನಟ್ಟನಡುವೆ ಬಂದು ತಾಗಿತು, ನನಗೆ ನಡುಕವೇ ಆಗಲಿಲ್ಲ. ಮೌನೇಶ ಲಕ್ಷಗಟ್ಟಲೆ ಚೆಂಡು ಹೊಡೆದಿದ್ದಾನೆ, ಪಾಪ, ಅದರಲ್ಲಿ ಒಂದೂ ಹೀಗೆ ತಾಗಿರಲಿಲ್ಲ. ನಾನು ಸೇಡನ್ನು ಮರೆತೆ. ಒಡೆಯಬೇಕಾಗಿದ್ದ ಬಿರುಕನ್ನು ನಾನೇ ಹಲ್ಲು ಕಚ್ಚಿ ಹಿಡಿದುಕೊಂಡೆ, ಇನ್ನೊಂದು ಬರಲಿ, ಇನ್ನೊಂದು ಬರಲಿ ಎಂದು. ನಾಲ್ಕು ಚೆಂಡುಗಳೂ ಒಂದೇ ಮೂಲೆಯಲ್ಲಿ ಬಿದ್ದವು. ನಾಲ್ಕನೆಯದಕ್ಕೆ ಮೌನೇಶ ಓಡಲೂ ಇಲ್ಲ.

"ಇನ್ನೂ ಐತಲ್ರಿ ಕೈಯಾಗ," ಎಂದ.

"ಐತಿ," ಎಂದ ಶಂಭು. "ಅದ ಸುಡ್ತೈತಿ ನೋಡು, ಮೌನೇಶಪ್ಪಾ."

ಅವನು ನನ್ನನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತಿದ್ದ. ಕಣ್ಣೀರು ಬರುತ್ತಿತ್ತು, ಒರೆಸಿಕೊಳ್ಳಲಿಲ್ಲ. ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳದಿದ್ದರೂ ನನಗೆ ಕೇಳಿಸಿತು.

ಈಗ ಮತ್ತೆ ಗೋಡೆಯ ಮೇಲಿದ್ದೇನೆ. ನನ್ನನ್ನು ಒರಳುಕಲ್ಲಿಗೆ ಎಸೆದದ್ದನ್ನು ಅವನು ಆ ನಾಲ್ಕು ಚೆಂಡು ಹೊಡೆದ ದಿನವೇ ಮನ್ನಿಸಿದೆ. ಅದು ಒಂದು ಗಳಿಗೆಯ ಸಿಟ್ಟು, ಕುತ್ತಿಗೆಯ ಮಟ್ಟಿನ ನೋವು. ಆದರೆ ಆ ನಾಲ್ಕು ಚೆಂಡುಗಳಂಥವು ನನಗೆ ನಾಲ್ಕು ಲಕ್ಷ ಬರಬೇಕಾಗಿತ್ತು. ಅಂಥ ಕೈ ಇಟ್ಟುಕೊಂಡು ಅವನು ಮೂವತ್ತು ವರ್ಷ ಗೊಬ್ಬರ ತೂಗಿದ. ಅದನ್ನು ಮಾತ್ರ ಮನ್ನಿಸಲಾರೆ.