ಗೇರಿನ ತಂತಿಗೆ ಕುಸುಬಿ ಎಣ್ಣೆ

ನಾನು ಒಂದು ತಂತಿ, ಸೈಕಲ್ಲಿನ ಗೇರ್ ಎಳೆಯುವ ತಂತಿ. ಹತ್ತೊಂಬತ್ತು ಉಕ್ಕಿನ ಎಳೆಗಳನ್ನು ಹೊಸೆದು, ಒಂದು ತುದಿಗೆ ಗುಂಡನೆಯ ತಲೆ ಕೂರಿಸಿ ನನ್ನನ್ನು ಹುಟ್ಟಿಸಿದರು. ಆಯುಷ್ಯದ ಬಹುಪಾಲು ಕೊಳವೆಯ ಕತ್ತಲಲ್ಲೇ ಕಳೆಯಿತು. ನನಗೆ ಗೊತ್ತಿದ್ದ ಲೋಕ ಇಷ್ಟೇ: ಎಳೆದರೆ ಹೋಗಬೇಕು, ಬಿಟ್ಟರೆ ಮರಳಬೇಕು.

ವಿಜಯಪುರದಲ್ಲಿ ದಾವಲಸಾಬರ ಸೈಕಲ್ ಅಂಗಡಿಯ ಮೊಳೆಗೆ ಸುರುಳಿಯಾಗಿ ನೇತಾಡುತ್ತಿದ್ದೆ. ಒಂದು ಬೇಸಿಗೆಯಲ್ಲಿ ಅವರು ನನ್ನನ್ನು ನೀಲವ್ವನ ಸೈಕಲ್ಲಿಗೆ ಹಾಕಿದರು. ಆಕೆಗೆ ಹದಿನೈದು ವರ್ಷ. ತಾಯಿ ಕಾಶವ್ವ ಹತ್ತಿರದ ಹಳ್ಳಿಯಲ್ಲಿ ಎತ್ತಿನ ಗಾಣ ನಡೆಸುತ್ತಿದ್ದಳು. ನೀಲವ್ವನಿಗೆ ಒಂದೇ ಗೀಳು: ಸೈಕಲ್ ಓಟ ಕಲಿಸುವ ಕ್ರೀಡಾ ಹಾಸ್ಟೆಲ್ ಸೇರಬೇಕು. ಆಯ್ಕೆಯ ಓಟದಲ್ಲಿ ಮೊದಲ ಆರು ಮಂದಿಗೆ ಮಾತ್ರ ಜಾಗ.

ಆ ವರ್ಷ ಓಟ ಬಿದ್ದದ್ದು ಕಾರ ಹುಣ್ಣಿಮೆಯ ಮರುದಿನ. ಹುಣ್ಣಿಮೆಯ ಸಂಜೆ ಕಾಶವ್ವ ಗಾಣದ ಎತ್ತಿನ ಮೈ ತೊಳೆದು, ಕೊಂಬಿಗೆ ಕುಸುಬಿ ಎಣ್ಣೆ ಸವರಿದಳು. ಬಟ್ಟಲಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ಗೋಡೆಗೆ ಒರಗಿದ್ದ ಸೈಕಲ್ ಕಂಡಿತು.

"ನೀನೂ ನನ್ನ ಮಗಳನ್ನ ಎಳೀಬೇಕಲ್ಲೋ ಬಸವಾ" ಎಂದು ಹ್ಯಾಂಡಲ್ಲಿಗೆ ಹಚ್ಚಿದಳು. ಆಮೇಲೆ ನನ್ನ ಕೊಳವೆಯ ಬಾಯಿ ಹುಡುಕಿ ಉಳಿದದ್ದನ್ನೆಲ್ಲ ತೊಟ್ಟು ತೊಟ್ಟಾಗಿ ಇಳಿಸಿದಳು. ನಿಜ ಹೇಳಬೇಕೆಂದರೆ ನನಗೆ ಹಿತವಾಗಿತ್ತು. ಅಷ್ಟು ಅಕ್ಕರೆಯಿಂದ ನನ್ನನ್ನು ಯಾರೂ ಮುಟ್ಟಿರಲಿಲ್ಲ.

ಮರುದಿನ ಕಾಲುವೆ ದಂಡೆಯ ದಾರಿಯೆಲ್ಲ ಎರೆಮಣ್ಣಿನ ಕೆಸರು. ಮುದ್ದೆ ಮುದ್ದೆಯಾಗಿ ಚಕ್ರಕ್ಕೆ ಮೆತ್ತಿಕೊಂಡಿತು, ಅಲ್ಲಿಂದ ನನ್ನ ಮೇಲೆ ಸಿಡಿಯಿತು. ಬರಿ ಕೆಸರಾಗಿದ್ದರೆ ಹೇಗೋ ಕೊಡವಿಕೊಳ್ಳುತ್ತಿದ್ದೆ. ಎಣ್ಣೆ ಅದನ್ನು ಕೈಹಿಡಿದು ಒಳಗೆ ಕರೆದುಕೊಂಡಿತು. ಏರಿನಲ್ಲಿ ನೀಲವ್ವ ನನ್ನನ್ನು ಎಳೆದಳು. ಚೈನು ದೊಡ್ಡ ಹಲ್ಲಿನ ಚಕ್ರಕ್ಕೆ ಹತ್ತಿತು. ಮೂರನೆಯವಳಾಗಿ ಏರು ಮುಗಿಸಿದಳು. ಇಳಿಜಾರಿನಲ್ಲಿ ನನ್ನನ್ನು ಬಿಟ್ಟಳು. ನಾನು ಮರಳಲಿಲ್ಲ. ಅಂಟಿನ ಕೊಳವೆಯಲ್ಲಿ ಸಿಕ್ಕಿಕೊಂಡಿದ್ದೆ. ಚೈನು ದೊಡ್ಡ ಚಕ್ರದಲ್ಲೇ ಉಳಿಯಿತು. ಅವಳ ಕಾಲುಗಳು ಗಿರಗಿರ ತಿರುಗಿದವು, ಸೈಕಲ್ ಮಾತ್ರ ವೇಗ ಹಿಡಿಯಲಿಲ್ಲ. ಒಬ್ಬೊಬ್ಬರೇ ದಾಟಿ ಹೋದರು. ನಾಲ್ಕು ಮಂದಿ.

ನೀಲವ್ವ ಏಳನೆಯವಳು.

ದಾವಲಸಾಬರು ನನ್ನನ್ನು ಹೊರಗೆಳೆದು ಮೂಗಿಗೆ ಹಿಡಿದರು. "ಕುಸುಬಿ ಎಣ್ಣಿ! ನಿಮ್ಮವ್ವ ಕೇಬಲ್ಲಿಗೆ ಒಗ್ಗರಣಿ ಹಾಕ್ಯಾಳಲ್ಲವಾ!"

ನೀಲವ್ವ ನಗಲಿಲ್ಲ. "ಮಾಮಾ, ಅವ್ವನ ಮುಂದ ಇದನ್ನ ಆಡಬ್ಯಾಡ್ರಿ."

ಅವರು ಕೊಳವೆಗೆ ಸೀಮೆಎಣ್ಣೆ ಬಿಟ್ಟು ತೊಳೆದರು. ನನ್ನನ್ನು ಅರಿವೆಯಿಂದ ಒರೆಸಿ, ಆ ಅರಿವೆಯ ಸಮೇತ ಅವಳ ಕೈಗಿತ್ತರು. "ಒಣಾ ಇದ್ರ ಓಡ್ತೈತಿ, ಜಿಡ್ಡ ಇದ್ರ ಮಣ್ಣ ತಿಂತೈತಿ. ಕೆಸರಾಗ ಹೋಗಿ ಬಂದ ದಿನಾನ ಒರಸು." ಕೊಳವೆಯ ಬಾಯಿಗೆ ವಾಲ್ ಟ್ಯೂಬಿನ ಚಿಕ್ಕ ರಬ್ಬರ್ ತುಂಡು ತೊಡಿಸಿದರು, ಕೆಸರು ಒಳಗೆ ಇಣುಕದಂತೆ.

ಮನೆಯಲ್ಲಿ ಕಾಶವ್ವ ಕೇಳಿದಳು: "ಎಣ್ಣಿ ಚಲೋ ಕೆಲಸಾ ಮಾಡಿತೇನ?"

"ಹೂಂ ಯವ್ವಾ, ಬೆಣ್ಣಿ ಆಗಿತ್ತು. ನನ್ನ ಕಾಲೇ ಸೋತ್ವು."

ಆ ಮಳೆಗಾಲವಿಡೀ ನೀಲವ್ವ ನನ್ನನ್ನು ಒರೆಸಿದಳು. ಅವಳ ಬೆರಳಿನ ಒರಟು ನನಗೆ ಬಾಯಿಪಾಠವಾಯಿತು. ಎಲ್ಲಿ ಒಂದು ಎಳೆ ಸಡಿಲವಾದರೂ ಅಲ್ಲಿ ನಿಲ್ಲುತ್ತಿದ್ದಳು. ಈಗ ನೆನೆದರೆ, ನನ್ನ ಬದುಕು ಎಂದರೆ ಆ ಒಂದು ವರ್ಷವೇ.

ಮತ್ತೆ ಕಾರ ಹುಣ್ಣಿಮೆ ಬಂತು, ಮರುದಿನ ಮತ್ತೆ ಓಟ. ಕಾಶವ್ವ ಎತ್ತಿಗೆ ಹಚ್ಚಿ ನನ್ನ ಬಳಿ ಬಂದಳು. ಈ ಸಲ ಒಂದೇ ಬೆರಳು ಅದ್ದಿ ನನ್ನ ಮೇಲೆ ಮೆಲ್ಲಗೆ ಎಳೆದಳು. ಕೊಳವೆಯ ಬಾಯಿಯ ರಬ್ಬರನ್ನು ಮುಟ್ಟಲಿಲ್ಲ. ಬೆಳಗ್ಗೆ ತಾಯಿ ಮೇವು ತರಲು ಹೋದಾಗ ನೀಲವ್ವ ಹಳೆಯ ಸೀರೆಯ ಚೂರಿನಿಂದ ಅದನ್ನು ಪೂರ್ತಿ ಒರೆಸಿ, ಚೂರನ್ನು ಹಿಂಡಿಯ ಚೀಲದ ಹಿಂದೆ ಬಚ್ಚಿಟ್ಟಳು.

ಕಾಲುವೆ ದಾರಿ ಹೋದ ವರ್ಷಕ್ಕಿಂತ ಕೆಟ್ಟಿತ್ತು. ಏರಿನಲ್ಲಿ ಎಳೆದಳು, ಹೋದೆ. ಇಳಿಜಾರಿನಲ್ಲಿ ಬಿಟ್ಟಳು. ನಾನು ಸರ್ರನೆ ಮರಳಿದೆ. ಚೈನು ಟಕ್ಕನೆ ಚಿಕ್ಕ ಚಕ್ರಕ್ಕೆ ಬಿತ್ತು. ನೀಲವ್ವ ನಾಲ್ಕನೆಯವಳಾದಳು.

ಹಾಸ್ಟೆಲ್ಲಿಗೆ ಹೊರಡುವ ಮುನ್ನ ಅವಳು ಸೈಕಲ್ಲಿಗೆ ಹೊಸ ತಂತಿ ಹಾಕಿಕೊಂಡಳು. ನನ್ನ ಎರಡು ಎಳೆ ಕಿತ್ತುಹೋಗಿದ್ದವು, ತಪ್ಪು ಅವಳದಲ್ಲ. ಅಂಗಳದಲ್ಲಿ ಬಿದ್ದಿದ್ದ ನನ್ನನ್ನು ಕಾಶವ್ವ ಎತ್ತಿಕೊಂಡು, ನನ್ನಿಂದಲೇ ಎಣ್ಣೆಯ ಡಬ್ಬಿಯನ್ನು ಗಾಣದ ಕಂಬಕ್ಕೆ ಬಿಗಿದಳು.

ಆಗ ಅಲ್ಲಿಗೆ ಬಂದಿದ್ದ ದಾವಲಸಾಬರು, "ಅಂತೂ ಎಣ್ಣೀಗೇ ಬಂದು ಬಿತ್ತಲ್ಲವಾ ಇದು!" ಎಂದು ನಕ್ಕರು.

ಕಾಶವ್ವ ಗಂಟು ಬಿಗಿಯುತ್ತ ಹೇಳಿದಳು: "ಮೊದಲನೇ ವರ್ಷಾನ ನನಗ ತಿಳೀತಣ್ಣಾ. ಒರಸಿದ ಅರಿವ್ಯಾಗಿನ ಕುಸುಬಿ ವಾಸನಿ ಗಾಣದಾಕಿಗೆ ಗೊತ್ತಾಗಂಗಿಲ್ಲೇನು? ಆದ್ರೂ ಕೈ ಕೇಳಲಿಲ್ಲ. ಹಚ್ಚೋದು ನನ್ನ ಕೆಲಸ, ಒರಸೋದು ಅಕಿ ಕೆಲಸ ಅಂತ ಸುಮ್ಮನಾದ್ನಿ."

ಎತ್ತು ಸುತ್ತುತ್ತಿರುತ್ತದೆ. ನನ್ನನ್ನು ಈಗ ಯಾರೂ ಎಳೆಯುವುದಿಲ್ಲ, ಬಿಡುವುದೂ ಇಲ್ಲ. ಡಬ್ಬಿ ತುಂಬುವಾಗ ಒಂದು ತೊಟ್ಟು ನನ್ನ ಮೇಲೆ ಜಾರುತ್ತದೆ. ಹಾಗೇ ಉಳಿಯುತ್ತದೆ.